‘ಮಕ್ಕಳಿಗೆ ಸ್ಕೀಯಿಂಗ್ ಕೂಡ ಇದೆ’

ನವೆಂಬರ್ ಬಂತು ಅಂದ್ರೆ ಸಾಕು, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಪ್ಲಾನು ಸುತ್ತೋಕೆ ಶುರು: ‘ಐದು ರಾತ್ರಿ, ಆರು ದಿನ. ಶ್ರೀನಗರ, ಸೋನಮಾರ್ಗ್, ಗುಲ್ಮಾರ್ಗ್. ಮಕ್ಕಳಿಗೆ ಸ್ಕೀಯಿಂಗ್ ಕೂಡ ಇದೆ.’

ಆ ‘ಕೂಡ’ದ ಮೇಲೇ ನನ್ನ ಜಗಳ.

ನಾವೂ ಒಮ್ಮೆ ಹಾಗೇ ಹೋಗಿದ್ವಿ. ಬಾಡಿಗೆ ಕೋಟು ಹಾಕಿಸಿಕೊಂಡು ಗುಲ್ಮಾರ್ಗ್ ತಲುಪಿದಾಗ ಬೆಳಿಗ್ಗೆ ಹನ್ನೊಂದು. ನಾಲ್ಕಕ್ಕೆ ಕ್ಯಾಬು ವಾಪಸ್. ನಡುವೆ ಗೊಂಡೋಲಾ, ಸ್ಲೆಡ್ಜು, ಮ್ಯಾಗಿ. ಮಿಕ್ಕ ಮುಕ್ಕಾಲು ಗಂಟೆ ಸ್ಕೀಯಿಂಗ್. ಎಂಟು ವರ್ಷದ ಮಗಳಿಗೆ ಸಿಕ್ಕಿದ್ದು ಒಂದು ಸೈಜ್ ದೊಡ್ಡ ಬೂಟು. ಮೂರನೇ ಸಲ ಬಿದ್ದಾಗಲೂ ನಾನು ಫೋನ್ ಹಿಡಿದೇ ಇದ್ದೆ. ‘ಏಳು ಪುಟ್ಟಿ, ಒಂದ್ಸಲ ನಗು’ ಅಂದೆ. ಅವಳು ಕೇಳಿದಳು: ‘ಅಪ್ಪಾ, ಕಾಲು ನೋಯ್ತಿದೆ. ವಿಡಿಯೋ ಆಯ್ತಾ?’

ಅವಳಿಗೆ ಅರ್ಥ ಆಗಿತ್ತು, ನನಗೆ ಆಗಿರಲಿಲ್ಲ.

ಈಜು ಕಲಿಸೋಕೆ ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಕ್ಲಾಸಿಗೆ ಹಾಕ್ತೀವಿ. ಜಾರುವ ಇಳಿಜಾರಿಗೆ ಮುಕ್ಕಾಲು ಗಂಟೆ ಸಾಕಾ? ಸ್ಕೀ ಕಲಿಯೋ ಮಗು ಮೊದಲ ದಿನ ಬೂಟಲ್ಲಿ ನಡೆಯೋದು, ಬೀಳೋದು, ಏಳೋದು ಕಲಿಯಬೇಕು. ಆಮೇಲೆ ಹಿಮ್ಮಡಿ ಅಗಲಿಸಿ, ಸ್ಕೀಗಳ ಮೂತಿ ಹತ್ತಿರ ತಂದು, ಪಿಜ್ಜಾ ತುಂಡಿನ ಆಕಾರ ಮಾಡಿ ನಿಲ್ಲೋದು. ನಿಲ್ಲೋಕೆ ಬಂದ ಮೇಲೇ ಭಯ ಬಿಡೋದು. ಅದಕ್ಕೆ ಒಂದೇ ಜಾಗ, ಒಬ್ಬರೇ ಕೋಚ್, ಕನಿಷ್ಠ ನಾಲ್ಕು ದಿನ ಬೇಕು.

ಎತ್ತರದ ಮಾತೂ ಇದೆ. ನಮ್ಮ ಬೆಂಗಳೂರು ಸುಮಾರು 900 ಮೀಟರ್, ಗುಲ್ಮಾರ್ಗ್ 2,600ಕ್ಕೂ ಹೆಚ್ಚು. ಗೊಂಡೋಲಾದ ಎರಡನೇ ಹಂತ 3,900 ದಾಟುತ್ತೆ. ಅಲ್ಲಿನ ಇಳಿಜಾರು ಕಲಿಯೋರಿಗಲ್ಲ. ಇಳಿದ ದಿನವೇ ಮಗುವನ್ನ ಮೇಲಕ್ಕೆ ಎಳೆದುಕೊಂಡು ಹೋಗಬೇಡಿ. ಮೊದಲ ದಿನ ಸುಮ್ಮನೆ ಆಡಲಿ.

‘ರಜೆ ಎಲ್ಲಿದೆ ಸ್ವಾಮಿ, ಖರ್ಚು ಯಾರು ಕೊಡ್ತಾರೆ?’ ಅಂತೀರಿ. ನ್ಯಾಯವಾದ ಪ್ರಶ್ನೆ. ಗುಲ್ಮಾರ್ಗ್‌ನಲ್ಲೇ ಉಳಿಯೋದು ದುಬಾರಿ. ಅದಕ್ಕೇ ಹೇಳ್ತಿರೋದು, ಸೋನಮಾರ್ಗ್ ಕೈಬಿಡಿ. ಕ್ರಿಸ್‌ಮಸ್ ರಜೆಗೇ ಹಿಮ ಬೀಳಬೇಕು ಅನ್ನೋ ಹಟನೂ ಬಿಡಿ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ವಾರಗಟ್ಟಲೆ ಬೋಳಾಗಿದ್ದವು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಅಲ್ಲಿ ಮುಂದೂಡಬೇಕಾಯ್ತು. ಹಾಗಾಗಿ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ರೂಮನ್ನೇ ಬುಕ್ ಮಾಡಿ.

ಇಷ್ಟೂ ಆಗಲ್ವಾ? ಸ್ಕೀಯಿಂಗ್ ಬೇಡವೇ ಬೇಡ, ನಷ್ಟ ಏನಿಲ್ಲ. ಹಿಮದ ಉಂಡೆ ಎಸೆದಾಡೋಕೆ ಕೋಚ್ ಬೇಕಾಗಿಲ್ಲ.

ಈ ಸಲ ಬುಕ್ ಮಾಡೋ ಮೊದಲು ಮಗಳನ್ನ ಕೇಳಿದೆ. ಸ್ವಲ್ಪ ಯೋಚಿಸಿ ಅಂದಳು: ‘ಬರ್ತೀನಿ. ಆದ್ರೆ ನೀನೂ ಸ್ಕೀ ಹಾಕ್ಕೋಬೇಕು. ಫೋನ್ ರೂಮಲ್ಲಿ ಇಡ್ಬೇಕು.’