ಕೈಯ ಅಂದಾಜೋ, ಅಳತೆಯ ಅಂಕವೋ?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯ ತಂಬಾಕು ಹರಾಜಿನಲ್ಲಿ ಯಾರಾದರೂ ಬೇಲನ್ನು ಕೈಯಿಂದ ಎತ್ತಿ ನೋಡಿ ತೂಕ ಹೇಳಿದರೆ ಯಾವ ಬೆಳೆಗಾರನೂ ಒಪ್ಪನು. ಕೃಷ್ಣರಾಜನಗರದ ಅಕ್ಕಿ ಗಿರಣಿಯಲ್ಲಿಯೂ ಮೂಟೆಯು ತಕ್ಕಡಿಯನ್ನು ಏರಲೇಬೇಕು. ಆದರೆ ಅದೇ ಬೆಳೆಗಾರನು ತನ್ನ ಕಾರನ್ನು ಟೈರಿನ ಅಂಗಡಿಗೆ ಒಯ್ದಾಗ, ಅಲ್ಲಿ ಕೈಯ ಅಂದಾಜಿನಿಂದಲೇ ನಟ್ಟು ಬಿಗಿದರೂ ಸುಮ್ಮನಿರುತ್ತಾನೆ. ಈ ಉದಾಸೀನವು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಈಚಿನ ಅನೇಕ ಕಾರುಗಳ ಚಕ್ರದೊಳಗೆ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಒತ್ತಡ ಸಂವೇದಕವಿರುತ್ತದೆ. ಅದು ಟೈರಿನ ಒತ್ತಡವನ್ನು ಅಳೆದು, ರೇಡಿಯೋ ಅಲೆಗಳ ಮೂಲಕ ಚಾಲಕನಿಗೆ ತಿಳಿಸುತ್ತದೆ. ಲೋಹದ ವಾಲ್ವಿನ ಬಗೆಯಲ್ಲಿ ಅಲ್ಯುಮಿನಿಯಮ್ ಕಾಂಡವೊಂದು ಚಕ್ರದ ರಂಧ್ರದಿಂದ ಹೊರಬರುತ್ತದೆ; ನಡುವೆ ರಬ್ಬರಿನ ಬಳೆ, ಹೊರಗೆ ಒಂದು ನಟ್ಟು. ಗಾಳಿ ನಿಲ್ಲುವುದೂ ಸೋರುವುದೂ ಈ ನಟ್ಟಿನ ಬಿಗಿತವನ್ನೇ ಅವಲಂಬಿಸಿದೆ.

ಬಿಗಿತವನ್ನು ಅಳೆಯುವುದು ಹೇಗೆ? ಬಲವನ್ನು ಸ್ಪ್ಯಾನರಿನ ಉದ್ದದಿಂದ ಗುಣಿಸಿದರೆ ಟಾರ್ಕ್ ದೊರೆಯುತ್ತದೆ. ಅದರ ಮಾನ ನ್ಯೂಟನ್-ಮೀಟರ್. ಈ ನಟ್ಟಿಗೆ ಸಾಮಾನ್ಯವಾಗಿ 4ರಿಂದ 8 ನ್ಯೂಟನ್-ಮೀಟರ್ ಸಾಕು. ನಿಖರವಾದ ಅಂಕವು ತಯಾರಕರಿಂದ ತಯಾರಕರಿಗೆ ಬೇರೆ. 15 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯನ್ನು 40 ನ್ಯೂಟನ್, ಅಂದರೆ ಸುಮಾರು 4 ಕಿಲೋಗ್ರಾಮ್ ತೂಕದಷ್ಟು ಬಲದಿಂದ ಒತ್ತಿದರೆ 6 ನ್ಯೂಟನ್-ಮೀಟರ್ ಆಯಿತು. ಬಲವಾದ ತೋಳಿಗೆ 20 ಕಿಲೋಗ್ರಾಮ್ ತೂಕದಷ್ಟು ಒತ್ತುವುದು ಕಷ್ಟವಲ್ಲ. ಆಗ ಟಾರ್ಕ್ ಬೇಕಾದುದರ ಐದು ಪಟ್ಟಾಗುತ್ತದೆ! ಮೃದುವಾದ ಅಲ್ಯುಮಿನಿಯಮ್ಮಿನ ತಿರುಪು ಕಿತ್ತುಹೋಗುತ್ತದೆ, ಇಲ್ಲವೇ ಕಾಂಡವು ಬಿರುಕು ಬಿಡುತ್ತದೆ. ಬಿಗಿತ ಕಡಮೆಯಾದರೆ ರಬ್ಬರು ಸರಿಯಾಗಿ ಅದುಮದೆ ಗಾಳಿ ಸೋರುತ್ತದೆ.

"ಇಪ್ಪತ್ತು ವರ್ಷ ಪಳಗಿದ ಕೈ ಇದು, ತಪ್ಪುವುದಿಲ್ಲ" ಎಂದು ಕೆಲಸಗಾರರು ಹೇಳುವುದುಂಟು. ಆ ಅನುಭವವನ್ನು ನಾವು ಹೀಗಳೆಯುವುದಿಲ್ಲ. ಆದರೆ ಆ ಕೈ ಪಳಗಿದುದು ಕಾರಿನ ಚಕ್ರದ ನಟ್ಟುಗಳಲ್ಲಿ. ಅವು ಸುಮಾರು 100 ನ್ಯೂಟನ್-ಮೀಟರ್ ಬಿಗಿತವನ್ನು ಬೇಡುತ್ತವೆ. ಮೂಟೆ ಹೊರುವ ಹೆಗಲಿಗೆ ಚಿನ್ನದ ತೂಕ ತಿಳಿದೀತೇ? ಮೇಲಾಗಿ, ನಟ್ಟಿಗೆ ಕೊಟ್ಟ ಟಾರ್ಕಿನ ಬಹುಭಾಗವು ಘರ್ಷಣೆಯಲ್ಲಿಯೇ ಕಳೆದುಹೋಗುತ್ತದೆ. ತಯಾರಕರು ಹೇಳದಿದ್ದರೂ ತಿರುಪಿಗೆ ಎಣ್ಣೆ ಸವರಿದರೆ ಅದೇ ಟಾರ್ಕಿಗೆ ಕಾಂಡದ ಮೇಲಿನ ಎಳೆತ ಹೆಚ್ಚುತ್ತದೆ. ಚಕ್ರದ ನಟ್ಟಿಗೆಂದು ಕೊಂಡ ದೊಡ್ಡ ಟಾರ್ಕ್ ವ್ರೆಂಚು ಕೂಡ ಇಲ್ಲಿ ಸಲ್ಲದು. ಇಷ್ಟು ಸಣ್ಣ ಅಂಕವನ್ನು ಅದು ತೋರಲಾರದು. ಸಣ್ಣ ಅಳತೆಯ ವ್ರೆಂಚೇ ಬೇಕು.

ಇಷ್ಟು ಚಿಕ್ಕ ನಟ್ಟಿಗೆ ಇಷ್ಟೊಂದು ಚರ್ಚೆಯೇಕೆ? ಟ್ಯೂಬಿಲ್ಲದ ಟೈರು, ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಚರ್ ತಿದ್ದುವ ಸಲಕರಣೆ ಇವಿಷ್ಟಿದ್ದರೆ ಕಾರಿನಲ್ಲಿ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರವು 2020ರಲ್ಲಿ ನಿಯಮವನ್ನು ತಿದ್ದಿತು. ಸ್ಟೆಪ್ನಿಯಿಲ್ಲದ ಅಂಥ ಕಾರೊಂದು ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಯ ಕಡೆಗೆ, ಆನೆಗಳು ತಿರುಗಾಡುವ ಕಾಡಿನ ನಡುವೆ ಹೋಗುತ್ತಿದೆಯೆಂದು ಊಹಿಸಿರಿ. ಅಲ್ಲಿ ವಾಲ್ವಿನ ಕಾಂಡವೇ ಮುರಿದರೆ, ಪಂಚರ್ ತಿದ್ದುವ ಸಲಕರಣೆಯಿಂದ ಏನೂ ಆಗದು. ಅಪಾಯವನ್ನು ಮುಂಚಿತವಾಗಿ ತಿಳಿಸಬೇಕಾದ ಸಾಧನವೇ ಅಪಾಯಕ್ಕೆ ಕಾರಣವಾದಂತಾಗುತ್ತದೆ.

ಆದುದರಿಂದ ಪ್ರತಿಯೊಂದು ಟೈರಿನ ಅಂಗಡಿಯಲ್ಲಿಯೂ ಸಣ್ಣ ಟಾರ್ಕ್ ವ್ರೆಂಚೊಂದು ಇರಬೇಕು. ಸಂವೇದಕದೊಡನೆ ಬರುವ ಸೂಚನಾಪತ್ರವನ್ನು ಓದಿ, ಅದರಲ್ಲಿರುವ ಅಂಕದಂತೆಯೇ ಬಿಗಿಯಬೇಕು. ಟೈರು ಬಿಚ್ಚಿದಾಗ ರಬ್ಬರಿನ ಬಳೆಯನ್ನು ಹೊಸದಾಗಿ ಹಾಕಬೇಕು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಲಿಯುವ ತರುಣರಿಗೆ ಇದು ಆರಂಭದಿಂದಲೇ ಅಭ್ಯಾಸವಾಗಬೇಕು. ವಿದ್ಯಾರ್ಥಿ ಮಿತ್ರರು ಭೌತಶಾಸ್ತ್ರದ ಪುಸ್ತಕದಲ್ಲಿ ಸನ್ನೆಯ ನಿಯಮವನ್ನು ಓದಿಯೇ ಇರುವರು. ಮುಂದಿನ ಸಲ ತಂದೆಯವರೊಡನೆ ಟೈರಿನ ಅಂಗಡಿಗೆ ಹೋದಾಗ, "ಅಣ್ಣಾ, ಈ ನಟ್ಟಿಗೆ ಎಷ್ಟು ನ್ಯೂಟನ್-ಮೀಟರ್?" ಎಂದು ವಿನಯದಿಂದ ಕೇಳಲಿ. ತೂಕವನ್ನು ಕೇಳಿ ಪಡೆಯುವ ಜನ ಬಿಗಿತವನ್ನೂ ಕೇಳಿ ಪಡೆಯುವುದರಲ್ಲಿ ತಪ್ಪೇನಿದೆ?