ಚಂದ್ರಗಿರಿಯ ಈಚೆ ದಡ

ನವೆಂಬರ್ 1ರಂದು ನಮ್ಮ ಜುಮೇರಾ ಲೇಕ್ ಟವರ್ಸ್‌ನ ಲಿಫ್ಟಿನಲ್ಲಿ ಮಲಯಾಳಿ ನೆರೆಯವರೂ ಕೇರಳಪ್ಪಿರವಿಯ ಶುಭಾಶಯ ಹೇಳುತ್ತಾರೆ. "ನಾವು ಯಾರು ಅಪ್ಪಾ?" ಎಂದಳು ಮಗಳು.

ನಮ್ಮೂರು ಬದಿಯಡ್ಕ. 1956ರ ಅದೇ ದಿನ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಜಿಲ್ಲೆಯಾಯಿತು. ನಮ್ಮೂರಿನಲ್ಲೇ ಬಾಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ, ನೂರು ತುಂಬಿದ ಮೇಲೆ, ವಿಲೀನದ ಆಸೆ ಈಡೇರದೆಯೇ ತೀರಿಕೊಂಡರು.

ಗಡಿ ಇನ್ನು ಸರಿದೀತೆಂದು ನಾನೂ ನಂಬುವುದಿಲ್ಲ. "ಕನ್ನಡಿಗರು" ಎಂದೇ ಮಗಳಿಗೆ ಹೇಳಿದೆ. ಆದರೆ ಅವಳಿಗೆ ಕನ್ನಡ ಅಕ್ಷರ ಬಾರದು. ಅದಕ್ಕೆ ಯಾವ ಆಯೋಗವನ್ನು ದೂರಲಿ? ಈ ಶನಿವಾರದಿಂದ ನಮ್ಮನೆಯಲ್ಲಿ ಅ, ಆ ಶುರು. ನಿಮ್ಮನೆಯಲ್ಲಿ?