ಬೇರಿಕೆಯ ತಂಪು ಪಿನೋ ನ್ವಾರ್‌ಗೆ ಸಾಲದು

ಹೊಸೂರು, ಬೇರಿಕೆ, ಮಾಲೂರಿನ ಕಡೆ ಹವೆ ತಂಪು. ಗುಲಾಬಿ, ಕೋಸು ಚೆನ್ನಾಗಿ ಬರುತ್ತವೆ. ಹಾಗಿದ್ದ ಮೇಲೆ ತಂಪುನಾಡಿನ ಪಿನೋ ನ್ವಾರ್ ದ್ರಾಕ್ಷಿ ಏಕೆ ಬಾರದು ಎಂದು ವೈನ್ ಪ್ರಿಯರು ಕೇಳುವುದುಂಟು.

ಬಳ್ಳಿಯೇನೋ ಬಂದೀತು, ಗುಣ ಬಾರದು. ಫ್ರಾನ್ಸಿನ ಬರ್ಗಂಡಿಯ ಈ ಕಪ್ಪು ದ್ರಾಕ್ಷಿಯ ಸಿಪ್ಪೆ ತೆಳು, ಗೊಂಚಲು ಬಿಗಿ. ಹಣ್ಣುಗಳ ನಡುವೆ ಗಾಳಿ ನುಸುಳದೆ, ಮಳೆ ಹಿಡಿದರೆ ಬೂಷ್ಟು ಬರುತ್ತದೆ. ಅಲ್ಲಿ ಹಣ್ಣು ಮಾಗುವುದು ಬೇಸಿಗೆ ಇಳಿಯುವಾಗ. ಆದ್ದರಿಂದಲೇ ಹುಳಿ ಉಳಿಯುತ್ತದೆ, ಚೆರಿಯಂಥ ನವಿರು ಪರಿಮಳವೂ. ಇಲ್ಲಿ ಲೆಕ್ಕ ತಿರುಗುಮುರುಗು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಳ್ಳಿ ಸವರಿದರೆ ಕೊಯ್ಲು ಬರುವುದು ಬಿಸಿಲೇರುವ ಹೊತ್ತಿಗೆ. ಸಕ್ಕರೆ ಓಡುತ್ತದೆ, ಹುಳಿ ಕುಸಿಯುತ್ತದೆ. ಎತ್ತರದ ನೆಲ ತಣ್ಣನೆಯ ರಾತ್ರಿ ಕೊಟ್ಟೀತು. ಬಳ್ಳಿಯನ್ನು ನಿದ್ದೆಗೆ ಕಳಿಸುವ ಚಳಿಗಾಲವನ್ನಲ್ಲ.

ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಕಥೆ ಇದಕ್ಕೆ ಸಾಕ್ಷಿ. 1988ರಲ್ಲಿ ಕನ್ವಲ್ ಗ್ರೋವರ್ ಶುರುಮಾಡಿದ ಈ ಸಾಹಸಕ್ಕೆ ಸಲಹೆಗಾರರಾಗಿ ಬಂದವರು ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್. ಅವರ ಊರು ಬೂಜಿ ಪಿನೋ ನ್ವಾರ್‌ಗೇ ಹೆಸರುವಾಸಿ! ಆದರೂ ತೋಟಕ್ಕೆ ಹೆಸರು ತಂದ 'ಲಾ ರಿಸರ್ವ್' ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್‌ಗಳದು, ಬಿಸಿಲು ತಾಳುವ ದಪ್ಪ ಸಿಪ್ಪೆಯ ತಳಿಗಳದು.

ಬೇರಿಕೆಯ ರೈತನಿಗೂ ಅದೇ ದಾರಿ ಲೇಸು. ಬರ್ಗಂಡಿಯ ಹೆಸರಿಗೆ ಮರುಳಾಗಿ ಸಸಿ ತರಿಸುವ ಮುನ್ನ ತನ್ನ ಹೊಲದ ಮಾರ್ಚ್ ತಿಂಗಳ ಉಷ್ಣಾಂಶವನ್ನು ಬರೆದಿಟ್ಟುಕೊಳ್ಳಲಿ.